ಎಡ ಹಿಮ್ಮಡಿಯ ಮೊಳೆ

ಓಬಳೇಶ ಸತ್ತು ಎಂಬತ್ತೊಂಬತ್ತು ದಿನ ಆಗಿತ್ತು. ಅವನ ಹೆಜ್ಜೆ ಇನ್ನು ಒಂದೇ ದಿನದ್ದು ಉಳಿದಿತ್ತು.

ನಮ್ಮೂರಲ್ಲಿ ಹೆಜ್ಜೆಯ ಸದ್ದು ತೊಂಬತ್ತು ದಿನ ತಡ. ಮಾತು ತಡವಲ್ಲ, ಕೆಮ್ಮು ತಡವಲ್ಲ, ಪಾತ್ರೆ ಬಿದ್ದರೆ ಆಗಲೇ ಕೇಳುತ್ತದೆ. ಕಾಲಿನದು ಮಾತ್ರ ಹೀಗೆ. ಭಾನುವಾರದ ಹೆಜ್ಜೆ ಶನಿವಾರ ಬರುತ್ತದೆ. ಕಾರ್ತಿಕದ ಒಣ ಬಿಸಿಲಲ್ಲಿ ಶ್ರಾವಣದ ಕೆಸರು ಪಚಪಚ ಅನ್ನುತ್ತದೆ. ಹತ್ತಿರ ಬಂದವರ ಕಾಲು ಕೇಳಿಸುವುದಿಲ್ಲವಾದ್ದರಿಂದ ಮೂಲೆ ತಿರುಗುವಾಗ, ಬಾಗಿಲ ಬಳಿ ಬಂದಾಗ ಎಲ್ಲರೂ 'ಬಂದೆ' ಅನ್ನುತ್ತಾರೆ. ಅನ್ನದೆ ಬರುವವನು ಕಳ್ಳ, ಇಲ್ಲವೆ ಜಗಳ ಆಡಿ ಹೋದವನು. ಮಗು ಮೊದಲ ಹೆಜ್ಜೆ ಇಟ್ಟ ತೊಂಬತ್ತನೆಯ ದಿನ ಓಣಿಯವರು ಬಂದು ಪಡಸಾಲೆಯಲ್ಲಿ ಸುಮ್ಮನೆ ಕೂತು, ಕೇಳಿ, ಸಕ್ಕರೆ ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. ಸತ್ತವರ ಕೊನೆಯ ಹೆಜ್ಜೆ ನಿಲ್ಲುವ ಜಾಗದಲ್ಲಿ ಮನೆಯವರು ಮಣೆ ಹಾಕಿ 'ಕೂತ್ಕೊ' ಅನ್ನಬೇಕು. ಹೆಚ್ಚಿನವರಿಗೆ ಅದು ಹಾಸಿಗೆಯ ಪಕ್ಕ, ಇಲ್ಲವೆ ಬಚ್ಚಲಿನ ಹಾದಿ. ಮಣೆ ಹಾಕದಿದ್ದರೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಹಾಕದವರನ್ನು ನಾನು ನೋಡಿಲ್ಲ.

ಓಬಳೇಶನಿಗೆ ಮಣೆ ಎಲ್ಲಿ ಹಾಕಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಶ್ರಾವಣದ ಒಂದು ಭಾನುವಾರ ಮದುವೆಯ ಊಟಕ್ಕೆಂದು ಹೋದವನು ಮಾರನೆಯ ಬೆಳಿಗ್ಗೆ ಕಲ್ಲುಗಣಿಯ ನೀರಲ್ಲಿ ಸಿಕ್ಕಿದ. ಅದೇ ಗಣಿಯಲ್ಲಿ ಅವನು ಮೇಸ್ತ್ರಿಯಾಗಿದ್ದ. ತಳದ ಒರತೆ ಒಡೆದು ನೀರು ತುಂಬಿ, ಗಣಿ ಮುಚ್ಚಿ ಒಂದು ವರ್ಷವಾಗಿತ್ತು. ಕೆಲಸವಿಲ್ಲದ ಗಂಡಸು, ಗಣಿ, ನೀರು. ಊರು ಮೂರನ್ನೂ ಕೂಡಿಸಿ ಹೇಳಬೇಕಾದ್ದನ್ನು ಹೇಳಿಕೊಂಡಿತು. ಪೊಲೀಸರು ಸಾವಿನ ಕಾರಣದ ಎದುರು 'ಹೆಜ್ಜೆ ಬಂದ ಮೇಲೆ ಬರೆಯುವುದು' ಎಂದು ಬರೆದು ಜಾಗ ಬಿಟ್ಟರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೀರಲ್ಲಿ ತೇಲುತ್ತಿದ್ದ ಒಂದು ಚಪ್ಪಲಿಯನ್ನು ತಂದು ತೋರಿಸಿದರು. ನನ್ನ ಅತ್ತೆ ಹೊನ್ನೂರಮ್ಮ ಅದನ್ನು ಕೈಯಲ್ಲಿ ತಡವಿ, "ಇದು ನನ್ ಮಗಂದಲ್ಲ," ಅಂದಳು. ಅವಳಿಗೆ ಕಣ್ಣು ಮಂಜು. ಪೊಲೀಸಿನವನು ನನ್ನ ಕಡೆ ನೋಡಿದ. ನಾನು ಚಪ್ಪಲಿಯ ಕಡೆ ನೋಡಲಿಲ್ಲ. ಅವನು ಅದನ್ನು ಎಸೆದ.

ಆ ಭಾನುವಾರ ಬೆಳಿಗ್ಗೆ ನಾನು ಓಬಳೇಶನಿಗೆ ಒಂದು ಮಾತು ಅಂದಿದ್ದೆ. ನನ್ನ ಗಂಡ, ಸೋದರತ್ತೆಯ ಮಗನೂ ಹೌದು. ಚಿಕ್ಕಂದಿನಿಂದ ಒಬ್ಬರಿಗೊಬ್ಬರು ಏಕವಚನ. "ನೀನು ಇಡೀ ದಿನ ಮನೇಲಿದ್ರೆ ನಂಗೆ ಉಸಿರು ಕಟ್ಟುತ್ತೆ," ಅಂದಿದ್ದೆ. ಅತ್ತೆ ಮಗಳ ಊರಿಗೆ ಹೋಗಿದ್ದಳು. ಕೇಳಿದವನು ಅವನೊಬ್ಬನೇ.

ಮಣೆ ಹಾಕುವ ಜಾಗ ಹುಡುಕುವುದು ನನ್ನ ಕೆಲಸವೇ. ನಾನು ದಿಕ್ಕಿನ ಕಚೇರಿಯಲ್ಲಿದ್ದೇನೆ. ಇದನ್ನು ಓದಲೆಂದು ದೊಡ್ಡ ಊರಿನ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಅಲ್ಲಿ ಹೆಜ್ಜೆ ಕಾಲಿನ ಜೊತೆಗೇ ಬರುತ್ತದೆ. ಮೊದಲ ತಿಂಗಳು ಹಿಂದಿನಿಂದ ಯಾರು ಬಂದರೂ ಬೆಚ್ಚುತ್ತಿದ್ದೆ. ನಮ್ಮೂರಲ್ಲಿ ಹನ್ನೆರಡು ಕಂಬಗಳಿವೆ. ಒಂದೊಂದಕ್ಕೂ ನಾಲ್ಕು ದಿಕ್ಕಿಗೆ ನಾಲ್ಕು ಮೈಕುಗಳು. ನಾವು ಕಿವಿ ಅನ್ನುತ್ತೇವೆ. ಪೂರ್ವದಿಂದ ಬಂದ ಹೆಜ್ಜೆ ಪೂರ್ವದ ಕಿವಿಯನ್ನು ಮೊದಲು ಮುಟ್ಟುತ್ತದೆ, ಪಶ್ಚಿಮದ ಕಿವಿಯನ್ನು ಕೂದಲೆಳೆಯಷ್ಟು ತಡವಾಗಿ. ಆ ತಡವನ್ನು ಅಳೆದರೆ ದಿಕ್ಕು ಸಿಗುತ್ತದೆ. ದೂರ ಸಿಗುವುದಿಲ್ಲ. ದೂರಕ್ಕೆ ಇನ್ನೊಂದು ಕಂಬ ಬೇಕು. ಕಚೇರಿಯ ಮೇಜಿನ ಮೇಲೆ ಊರಿನ ಬೀದಿಗಳನ್ನು ಕೊರೆದಿದ್ದಾರೆ. ಎರಡು ಕಂಬಗಳಿಂದ ಎರಡು ದಾರ ಎಳೆದು, ಕೂಡಿದ ಕಡೆ ಗುಂಡುಸೂಜಿ ಚುಚ್ಚುತ್ತೇವೆ. ಮೂರು ಸೂಜಿ ಆದ ಮೇಲೆ ನಾಲ್ಕನೆಯದು ಎಲ್ಲಿ ಬೀಳಬೇಕು ಎಂದು ಮೊದಲೇ ಊಹಿಸಿಕೊಳ್ಳಬೇಕು. ಊಹಿಸದೆ ಕಾದರೆ ಗುಂಪಿನಲ್ಲಿ ಹೆಜ್ಜೆ ಕೈ ತಪ್ಪುತ್ತದೆ.

ಎರಡು ಹೆಜ್ಜೆಗಳು ಅಡ್ಡ ಹಾಯುವ ಜಾಗ ಈ ಕೆಲಸದಲ್ಲಿ ಅತಿ ಕೆಟ್ಟದ್ದು. ಎರಡು ಒಳಗೆ ಹೋಗುತ್ತವೆ, ಎರಡು ಹೊರಗೆ ಬರುತ್ತವೆ. ಯಾವುದು ಯಾರದು ಎಂದು ಯಂತ್ರ ಹೇಳುವುದಿಲ್ಲ. ಕೂತು ಕೇಳಿದವರು ಹೇಳಬೇಕು. ಅಂಥ ಕಡೆ ಸದ್ದನ್ನು ನಂಬಬಾರದು, ನಡಿಗೆಯನ್ನು ನಂಬಬೇಕು ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ.

ಓಬಳೇಶನ ಎಡ ಚಪ್ಪಲಿಯ ಹಿಮ್ಮಡಿಗೆ ಒಂದು ದಪ್ಪ ತಲೆಯ ಮೊಳೆ ಇತ್ತು. ಮದುವೆಯಾದ ಹೊಸತರಲ್ಲಿ ಬೇಕೆಂದೇ ಹೊಡೆಸಿಕೊಂಡು ಬಂದಿದ್ದ. "ನಿನ್ ಮೇಜಿನ ಮೇಲೆ ಇಡೀ ಊರೇ ಓಡಾಡ್ತೈತೆ. ಅದ್ರಾಗೆ ನಾನ್ಯಾರು ಅಂತ ತಿಳೀಬೇಕಲ್ಲ," ಅಂದಿದ್ದ. ಹಾಕಿಕೊಂಡು ನಡೆದರೆ ಅವನಿಗೂ ಕೇಳುತ್ತಿರಲಿಲ್ಲ, ನನಗೂ ಕೇಳುತ್ತಿರಲಿಲ್ಲ. ತೊಂಬತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಕಚೇರಿಯಲ್ಲಿ, ಸಂತೆಯ ಗದ್ದಲದ ನಡುವೆ ಟಕ್ ಅಂತು. ಟಕ್, ಮತ್ತೆ ಟಕ್. ನಾನು ಸೂಜಿ ಚುಚ್ಚುವುದನ್ನು ಬಿಟ್ಟು ನಕ್ಕಿದ್ದೆ. ನಮ್ಮ ಸಾಹೇಬರು ಗಾದಿಲಿಂಗಪ್ಪನವರು, "ಏನ್ ತಾಯಿ, ಯಾರಾದ್ರೂ ಜಾರಿ ಬಿದ್ರಾ?" ಅಂತ ಕೇಳಿದ್ದರು.

ಎಂಬತ್ತೊಂಬತ್ತು ದಿನ ಅವನ ಹೆಜ್ಜೆಯ ಜೊತೆ ಬದುಕಿದೆವು. ಬರಿಗಾಲಲ್ಲಿ ಬಚ್ಚಲಿಗೆ ಹೋಗುತ್ತಿದ್ದ, ಬರುತ್ತಿದ್ದ. ಚಿಕ್ಕವನಿದ್ದಾಗ ಬಲಗಾಲು ಮುರಿದು ಕೂಡಿಸಿದ್ದರು. ಆ ಕಾಲು ಸ್ವಲ್ಪ ಎಳೆಯುತ್ತಿತ್ತು. ಅವನು ಹೋದ ಮೇಲೆ ಅವನ ಮಂಚವನ್ನು ಗೋಡೆಗೆ ಸರಿಸಿದ್ದೆವು. ಹೆಜ್ಜೆ ಮಂಚದ ನಡುವೆಯೇ ಹಾದುಹೋಗುತ್ತಿತ್ತು. ಅತ್ತೆ ಪಡಸಾಲೆಯ ಕಂಬಕ್ಕೊರಗಿ ಕೂತು ಕೇಳುತ್ತಿದ್ದಳು. ನಾನು ಬೇಗ ಕಚೇರಿಗೆ ಹೋಗಿ ತಡವಾಗಿ ಬರುತ್ತಿದ್ದೆ. ಅವಳು ಏನೂ ಅನ್ನಲಿಲ್ಲ. ಒಮ್ಮೆ ಮಾತ್ರ, "ನೇತ್ರಾ, ಕೊನೇ ದಿನ ಜಾಗ ಸರಿಯಾಗಿ ನೋಡ್ತೀಯಲ್ಲ?" ಅಂದಳು. ನೋಡ್ತೀನಿ ಅಂದೆ.

ತೊಂಬತ್ತನೆಯ ದಿನ, ಶನಿವಾರ, ಬೆಳಿಗ್ಗೆ ನಾನು ಹೊರಡಲಿಲ್ಲ. ಒಂಬತ್ತು ಗಂಟೆಗೆ ಅವನ ಹೆಜ್ಜೆ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯಿತು. ನನ್ನ ಹೆಜ್ಜೆ ಅಡುಗೆಮನೆಯಿಂದ ಹೊಸ್ತಿಲವರೆಗೆ ಬಂತು. ಎರಡೂ ನಿಂತವು. ನನ್ನ ಮಾತು ಇದ್ದದ್ದು ಅಲ್ಲಿ. ಈಗ ಅಲ್ಲಿ ಏನೂ ಕೇಳಲಿಲ್ಲ. ಅಷ್ಟು ಹೊತ್ತು ನಿಂತಿದ್ದನೆಂದು ನನಗೆ ನೆನಪಿರಲಿಲ್ಲ. ಆಮೇಲೆ ಅವನ ಬರಿಗಾಲು ಬಾಗಿಲಿಗೆ ಹೋಯಿತು, ಚಪ್ಪಲಿ ಮೆಟ್ಟಿತು, ಟಕ್ ಟಕ್ ಎನ್ನುತ್ತ ಅಂಗಳ ದಾಟಿತು. ಅತ್ತೆ ನನ್ನ ಮುಖದ ಕಡೆ ತಿರುಗಿದಳು.

"ಅಲ್ಲಿ ಯಾಕೆ ನಿಂತ?"

"ಗೊತ್ತಿಲ್ಲತ್ತೆ," ಅಂದು ನಾನು ಸೈಕಲ್ ಹತ್ತಿದೆ.

ಕಚೇರಿಯವರು ತಮ್ಮ ಮನೆಯವರ ಹೆಜ್ಜೆಗೆ ಕೂರಬಾರದು. ಅದು ನಿಯಮ. ಗಾದಿಲಿಂಗಪ್ಪನವರು ಬಾಗಿಲಲ್ಲೇ ತಡೆದರು. "ನಾನು ಕೂರ್ತೀನಿ. ನೀನು ಮಣೆ ಇಟ್ಕೊಂಡು ಮನೇಲಿರು. ಕೈ ನಡುಗಿದ್ರೆ ದಾರ ಓಣಿ ದಾಟ್ತೈತೆ ತಾಯಿ."

"ನನ್ನ ಕೈ ನಡುಗ್ತಿಲ್ಲ ಸಾರ್."

ಅವರು ನನ್ನ ಕೈ ನೋಡಿದರು. ನಡುಗುತ್ತಿರಲಿಲ್ಲ. ಮೂರು ತಿಂಗಳಿಂದ ನನ್ನ ಮೈಯಲ್ಲಿ ಯಾವುದೂ ನಡುಗಿರಲಿಲ್ಲ. "ಅದೇ ನಂಗೆ ಭಯ," ಅಂದು ದಾರಿ ಬಿಟ್ಟರು.

ಹನ್ನೊಂದೂವರೆಗೆ ಮೊಳೆಯ ಸದ್ದು ಮದುವೆ ಮಂಟಪದ ಮೆಟ್ಟಿಲು ಹತ್ತಿತು. ಆ ಶನಿವಾರ ಮಂಟಪ ಖಾಲಿ, ಬೀಗ ಹಾಕಿತ್ತು. ಒಳಗೆ ಮುನ್ನೂರು ಜನರ ಬರಿಗಾಲು. ಬಡಿಸುವವರು ಓಡಾಡುತ್ತಿದ್ದರು, ಮಕ್ಕಳು ಓಡುತ್ತಿದ್ದರು. ಒಂದೂ ಐವತ್ತಕ್ಕೆ ಊಟ ಮುಗಿಸಿದ ಪಂಕ್ತಿ ಮೆಟ್ಟಿಲಿಗೆ ಬಂತು. ಚಪ್ಪಲಿ ಬಿಡುವ ಜಾಗದಲ್ಲಿ ಹತ್ತಾರು ಹೆಜ್ಜೆಗಳು ಒಂದರ ಮೇಲೊಂದು ಬಿದ್ದವು. ನನ್ನ ದಾರಗಳೆಲ್ಲ ಒಂದೇ ಬಿಂದುವಿಗೆ ಬಂದು ನಿಂತವು. ನಾನು ಕಣ್ಣು ಮುಚ್ಚಿ ಕಾದೆ. ಎರಡು ಜೊತೆ ಕಾಲು ಒಟ್ಟಿಗೇ ಹೊರಟವು. ಒಂದು ಎಡಕ್ಕೆ, ಮೆತ್ತಗೆ. ಒಂದು ಬಲಕ್ಕೆ, ಟಕ್ ಟಕ್.

ಬಲಕ್ಕೆ ಸೂಜಿ ಚುಚ್ಚಿದೆ. ಎಡದ ಸೂಜಿಯನ್ನು ಕಿತ್ತು ಡಬ್ಬಿಗೆ ಹಾಕಿದೆ. ಒಂದು ಉಸಿರಿನಷ್ಟೂ ಯೋಚಿಸಲಿಲ್ಲ.

ಮೊಳೆಯ ಸದ್ದು ಗಣಿಯ ಕಡೆಗೆ ಹೋಗಲಿಲ್ಲ. ಮನೆಯ ಕಡೆಗೂ ಬರಲಿಲ್ಲ. ಎಣ್ಣೆ ಗಾಣದ ಬೀದಿ ದಾಟಿ, ಊರ ತುದಿಯ ಕುಂಬಾರ ಓಣಿಗೆ ಹೋಯಿತು. ಅಲ್ಲಿ ನಮಗೆ ಯಾರೂ ಇರಲಿಲ್ಲ. ಹನ್ನೊಂದನೆಯ ಕಂಬದ ಪಕ್ಕದ ಮನೆಯ ಮುಂದೆ ನಿಂತಿತು. ಚಪ್ಪಲಿ ಬಿಟ್ಟ ಸದ್ದು, ಒಂದಾದ ಮೇಲೊಂದು. ಮನೆಯೊಳಗಿನ ಒಬ್ಬನ ಬರಿಗಾಲು ಕಂಬಕ್ಕೆ ನಿಲುಕುವುದಿಲ್ಲ. ಆದರೆ ಚಪ್ಪಲಿ ಬಿಡುವ ರೀತಿಯಲ್ಲೇ ಗೊತ್ತಾಗುತ್ತದೆ. ಹೊಸ ಮನೆಗೆ ಬಂದವನು ನಿಧಾನಕ್ಕೆ, ಪಕ್ಕಕ್ಕೆ ಬಿಡುತ್ತಾನೆ. ಇವನು ಕಾಲು ಝಾಡಿಸಿ ಎಸೆದ. ದಿನಾ ಬಂದು ಹೋಗುವವನ ಹಾಗೆ. ಹತ್ತು ನಿಮಿಷ ಕಾದೆ. ಇಪ್ಪತ್ತು ನಿಮಿಷ. ಹೊರಗೆ ಬರಲಿಲ್ಲ.

ಗಾದಿಲಿಂಗಪ್ಪನವರು ಸೂಜಿಯನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. "ಯಾರಾದ್ರೂ ಗೆಳೆಯರಿರಬೌದು," ಅಂದರು.

"ಇರಬೌದು ಸಾರ್."

ಅತ್ತೆಗೆ ಏನು ಹೇಳಬೇಕು ಎಂದಷ್ಟೇ ಯೋಚಿಸಿದೆ. ಮಣೆ ಹಿಡಿದು ಅವಳನ್ನು ಆ ಮನೆಯ ಬಾಗಿಲಿಗೆ ಕರೆದೊಯ್ಯಬೇಕೇ? ಅಲ್ಲಿಂದ ಹೊರಟು ಗಣಿಗೆ ಹೋದನೇ? ಅಲ್ಲಿ ಯಾರಿದ್ದಾರೆ? ಫೋನ್ ಇಟ್ಟುಕೊಂಡು ಸೈಕಲ್ ತೆಗೆದೆ. "ಅದು ಹೊರಗೆ ಬಂದ್ರೆ ಹೇಳಿ," ಅಂದೆ.

ಕುಂಬಾರ ಓಣಿಯಲ್ಲಿ ಮಡಕೆಗಳನ್ನು ಬಿಸಿಲಿಗೆ ಬೋರಲು ಹಾಕಿದ್ದರು. ಆ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅರವತ್ತು ದಾಟಿದವಳು. ಮುಂದಿನ ಎರಡು ಹಲ್ಲು ಇರಲಿಲ್ಲ. ನಾನು ಅವಳ ಹಿಂದೆ ಒಳಗೆ ಇಣುಕಿದೆ. ಬೇರೆ ಯಾರಾದರೂ ಇದ್ದಾರೆಯೇ ಎಂದು.

"ಬಂದೆ ಅನ್ನಾಕೆ ಬಾಯಿಲ್ವಾ?" ಅಂದಳು ಅವಳು. ಆಮೇಲೆ ನನ್ನ ಕೊರಳಿನ ಕಚೇರಿಯ ಚೀಟಿ ನೋಡಿ, "ಓ, ದಿಕ್ಕಿನೋರಾ. ಯಾರ ಹೆಜ್ಜೆ ಹುಡುಕ್ಕೊಂಡು ಬಂದೆ ತಾಯಿ? ನನ್ ಗಂಡಂದಾದ್ರೆ ಅಷ್ಟೊಂದು ಕಂಬ ಎಲ್ಲಾ ಬ್ಯಾಡ. ಹೆಂಡದಂಗಡಿ ಮುಂದೆ ಒಂದು ನಿಲ್ಸು, ಸಾಕು."

"ಈಗ ಸ್ವಲ್ಪ ಹೊತ್ತಿನ ಹಿಂದೆ ಈ ಮನೆಗೆ ಒಂದು ಹೆಜ್ಜೆ ಬಂತು. ಟಕ್ ಅನ್ನೋದು."

"ಬಂತಲ್ಲ! ಏನ್ರೀ, ನಿಮ್ಮನ್ನೇ ಕೇಳ್ತಾ ಅವ್ಳೆ, ಬರ್ರಿ ಇಲ್ಲಿ," ಎಂದು ಅವಳು ಒಳಗೆ ಕೂಗಿದಳು. ಸುಣ್ಣದ ಕಲೆಯ ಬನೀನು ಹಾಕಿದ ಮುದುಕ ಬಂದ. ಅವನ ಹೆಸರು ಜಂಬಣ್ಣ, ಕೂಗಿದವಳು ಅವನ ಹೆಂಡತಿ ಈರಮ್ಮ ಎಂದು ಆಮೇಲೆ ತಿಳಿಯಿತು. "ಇವ್ರ ಹೆಜ್ಜೆನೇ ತಾಯಿ ಅದು. ಮಧ್ಯಾಹ್ನ ಆ ಸದ್ದು ಅಂಗಳಕ್ಕೆ ಬಂದಾಗ ಎಮ್ಮೆಗೆ ಗಂಟೆ ಕಟ್ಟವ್ರೇನೋ ಅಂತ ನೋಡ್ದೆ. ಇವ್ರು ನೋಡಿದ್ರೆ ಒಳಗೆ ಮಲಗವ್ರೆ," ಅಂದಳು ಈರಮ್ಮ.

ನಾನು ಬಾಗಿಲ ಪಕ್ಕ ನೋಡಿದೆ. ಚಪ್ಪಲಿಗಳು ಬೋರಲು ಬಿದ್ದಿದ್ದವು. ಎಡದ ಹಿಮ್ಮಡಿಯ ಮೊಳೆ ಸವೆದು ಹೊಳೆಯುತ್ತಿತ್ತು.

"ಇವು ನಿಮ್ಮವಾ?"

ಜಂಬಣ್ಣ ತಲೆ ಕೆರೆದುಕೊಂಡ. "ನಂದಲ್ಲ ಕಣಮ್ಮ. ಶ್ರಾವಣದಾಗೆ ಒಂದು ಮದುವೆ ಊಟ. ಉಂಡು ಬಂದು ಎದುರಿಗೆ ಸಿಕ್ಕಿದ್ದು ಮೆಟ್ಕೊಂಡೆ. ಒಂದೇ ಬಣ್ಣ, ಒಂದೇ ಅಳತೆ. ಮನೆಗೆ ಬಂದ್ಮ್ಯಾಕೆ ನೋಡಿದ್ರೆ ಬ್ಯಾರೇದು. ಮೊಳೆ ಐತೆ ಅಂತ ಇವತ್ತು ಸದ್ದು ಬಂದಾಗ್ಲೇ ಗೊತ್ತಾಗಿದ್ದು." ಅವನು ನನ್ನ ಮುಖ ನೋಡಿ ದನಿ ಇಳಿಸಿದ. "ಮಾರನೇ ದಿನ ಮಂಟಪದ ಅಡುಗೆಯೋನು ಸಿಕ್ಕಿ ಅಂದ, ನಿನ್ ಚಪ್ಲಿ ಹಾಕ್ಕೊಂಡೋನೊಬ್ಬ ವಾಪಸ್ ಬಂದಿದ್ದ, ನಿನ್ ಮನೆ ಎಲ್ಲಿ ಅಂತ ಕೇಳ್ದ, ಕುಂಬಾರ ಓಣಿ ಅಂದೆ, ಹೊರಟ, ಅಂತ. ಬರ್ತಾನೆ ಅಂತ ಕಾದೆ. ಬರ್ಲೇ ಇಲ್ಲ. ಹಾಕ್ಕೊಂಡ್ಬಿಟ್ಟೆ."

"ಅವನು ನನ್ನ ಗಂಡ," ಅಂದೆ.

ಈರಮ್ಮನ ಕೈಯಿಂದ ಅವರೆಕಾಯಿ ಬಿತ್ತು. "ಕ್ವಾರಿಲಿ ಬಿದ್ದೋನಾ?" ಅಂದಳು.

ಫೋನ್ ಮಾಡಿದೆ. "ಸಾರ್, ಮಂಟಪದ ಮೆಟ್ಟಿಲ ಹತ್ರ ನಾನು ತಪ್ಪಾಗಿ ಹಿಡಿದೆ. ಎಡಕ್ಕೆ ಹೋದದ್ದನ್ನ ತೆಗೀರಿ. ಮೆತ್ತಗಿನದು."

ಅವರು ಬೈಯಲಿಲ್ಲ. ಯಂತ್ರದ ಕಾಗದದ ಸುರುಳಿ ಬಿಚ್ಚುವ ಸದ್ದು ಕೇಳಿಸಿತು. ಬಹಳ ಹೊತ್ತು. ಸುರುಳಿಯಲ್ಲಿ ಕಂಬಗಳು ಕೇಳಿದ ಎಲ್ಲ ದಿಕ್ಕುಗಳೂ ಇರುತ್ತವೆ, ಹೆಸರು ಇರುವುದಿಲ್ಲ. ಸಂತೆಯ ದಾರಿಯಲ್ಲಿ ಒಂದು ಹೆಜ್ಜೆಯನ್ನು ಇನ್ನೊಂದರಿಂದ ಬಿಡಿಸುತ್ತ ಬರಬೇಕು. ಮೂರೂ ಇಪ್ಪತ್ತೈದು.

"ಸಿಕ್ತು," ಅಂದರು. "ಬಲಗಾಲು ಎಳೀತೈತೆ. ಬಸ್ ನಿಲ್ದಾಣದಾಗೆ ಒಂದು ಗಂಟೆ ಕೂತಿದ್ದ ಅಂತ ಕಾಣ್ತೈತೆ. ಈಗ ಎದ್ದವ್ನೆ. ಇರು. ಐದನೇ ಕಂಬ. ಆರನೇ ಕಂಬ." ಅವರ ಉಸಿರು ಕೇಳಿತು. "ತಾಯಿ, ನಿಮ್ ಬೀದಿಗೆ ತಿರುಗವ್ನೆ."

ನಾನು ಊರ ಇನ್ನೊಂದು ತುದಿಯಲ್ಲಿದ್ದೆ. ಸೈಕಲ್ ತುಳಿದರೂ ಅರ್ಧ ಗಂಟೆ. ಅತ್ತೆಗೆ ಫೋನ್ ಮಾಡಿದೆ. ಗುಂಡಿ ತಡವಿ ಎತ್ತಲು ಅವಳಿಗೆ ಹೊತ್ತು ಹಿಡಿಯುತ್ತದೆ. ಎತ್ತಿದಳು.

"ಅತ್ತೆ."

"ಶ್," ಅಂದಳು. ಆಮೇಲೆ ತೀರ ಮೆಲ್ಲಗೆ, "ಬಂದ ಕಣೆ. ಬಾಗಿಲಾಗೆ ನಿಂತವ್ನೆ."

ಆ ಭಾನುವಾರ ಆ ಹೊತ್ತಿಗೆ ನಾನು ಒಳಗೆ ಅಗುಳಿ ಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅವನು 'ಬಂದೆ' ಅನ್ನಲಿಲ್ಲ. ಅನ್ನದಿದ್ದರೆ ನನಗೆ ತಿಳಿಯುವ ದಾರಿ ಬೇರೆ ಇರಲಿಲ್ಲ.

"ಮೊಳೆ ಸದ್ದಿಲ್ಲ," ಅಂದಳು ಅತ್ತೆ. "ಆದ್ರೂ ಅವನೇ. ಕೈ ಹಿಡಿದು ನಡೆಸ್ದೋಳಿಗೆ ಗೊತ್ತಾಗಲ್ವಾ? ಇಗೋ, ಚಪ್ಲಿ ಬಿಟ್ಟ. ಒಂದು. ಇನ್ನೊಂದು." ನಾನು ಫೋನನ್ನು ಕಿವಿಗೆ ಒತ್ತಿದೆ. ಅವಳ ಉಸಿರಿನ ಹಿಂದೆ ಏನೂ ಕೇಳಲಿಲ್ಲ. "ಬಾ ಮಗಾ, ಒಳಗೆ ಬಾ," ಅಂದಳು, ನನಗಲ್ಲ. ಸ್ವಲ್ಪ ತಡೆದು, "ಮತ್ತೆ ಮೆಟ್ಕೊಂಡ. ತಿರುಗ್ದ. ಹೋಗ್ತವ್ನೆ ಕಣೆ. ಬಿರಬಿರ ಹೋಗ್ತವ್ನೆ. ಯಾಕೆ?"

"ಚಪ್ಪಲಿ ಅದಲುಬದಲಾಗಿತ್ತು ಅತ್ತೆ. ಬಿಟ್ಟಾಗ ಗೊತ್ತಾಗಿದೆ. ತನ್ನದನ್ನ ತರೋಕೆ ಹೊರಟ."

"ಚಪ್ಲಿ ಬಿಟ್ಟ ಅಂದ್ರೆ ಒಳಗೆ ಬರಾಕೇ ಬಂದಿದ್ದ ಅಂತ," ಅಂದಳು. ಇಟ್ಟುಬಿಟ್ಟಳು.

ನಾಲ್ಕೂ ಹತ್ತಕ್ಕೆ ಹೆಜ್ಜೆ ಮಂಟಪಕ್ಕೆ ವಾಪಸ್ಸು ಬಂತು ಎಂದು ಗಾದಿಲಿಂಗಪ್ಪನವರು ಹೇಳಿದರು. ಅಡುಗೆಮನೆಯ ಬಾಗಿಲಿಗೆ ಹೋಯಿತು, ನಿಂತಿತು, ಹೊರಟಿತು. ಬೀದಿ ಹಿಡಿಯಲಿಲ್ಲ. ಮಂಟಪದ ಹಿಂದಿನಿಂದ ಗಣಿಯ ಅಂಚಿನಲ್ಲಿ ಒಂದು ಕಾಲುದಾರಿ ಇದೆ. ಕುಂಬಾರ ಓಣಿಗೆ ಅದು ಹತ್ತಿರ. ಗಣಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ದಾರಿ. ಆ ಭಾನುವಾರ ಸಂಜೆ ಮಳೆ ಜೋರಾಗಿತ್ತು.

ನಾನು ಜಂಬಣ್ಣನ ಬಾಗಿಲಿಂದ ಆ ಚಪ್ಪಲಿಗಳನ್ನು ಎತ್ತಿಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಈರಮ್ಮ ಒಳಗೆ ಹೋಗಿ ಒಂದು ಮಣೆ ತಂದು ಕೊಟ್ಟಳು. ಅರಿಸಿನ ಮೆತ್ತಿದ ಹಳೆಯ ಮಣೆ. "ನಾವೂ ಬರ್ತೀವಿ," ಅಂದಳು. ನಾನು ಬೇಡ ಅಂದೆ. ಆದರೂ ಅವರು ದೂರದಲ್ಲಿ ಹಿಂದೆ ಬಂದರು.

ಜಾಲಿ ಗಿಡಗಳ ಸಾಲು ದಾಟಿದರೆ ಗಣಿ. ಒಂದು ಕಡೆ ಮುಳ್ಳುಬೇಲಿ, ಒಂದು ಕಡೆ ಕಡಿದು ನಿಲ್ಲಿಸಿದ ಕಲ್ಲು, ಕೆಳಗೆ ಹಸಿರು ನೀರು. ನಡುವೆ ಒಬ್ಬರು ನಡೆಯುವಷ್ಟು ದಾರಿ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬಿಸಿಲು ಓರೆಯಾಗಿತ್ತು.

"ನಿಂಗೆ ಎದುರಿಗೆ ಬರ್ತೈತೆ," ಅಂದರು ಗಾದಿಲಿಂಗಪ್ಪ ಫೋನಿನಲ್ಲಿ. "ಮುನ್ನೂರು ಹೆಜ್ಜೆ ಇರಬೌದು. ಇನ್ನೂರ ಎಂಬತ್ತು." ಆಮೇಲೆ, "ಛೆ. ಕಲ್ಲಿಗೆ ಬಡಿದು ಎರಡೆರಡು ಕೇಳ್ತೈತೆ. ದಾರ ನೀರಿನ ನಡುಮಧ್ಯಕ್ಕೆ ಹೋಗಿ ನಿಂತೈತೆ. ಇನ್ನು ನನ್ ಕೈಲಾಗಲ್ಲ ನೇತ್ರಮ್ಮ. ನಿನ್ ಕಿವಿಲೇ ಹಿಡ್ಕೋ."

ಫೋನನ್ನು ಇಟ್ಟೆ. ನನಗಿರುವುದು ಎರಡೇ ಕಿವಿ. ಕಣ್ಣು ಮುಚ್ಚಿ ತಲೆ ನಿಧಾನ ತಿರುಗಿಸಿದೆ. ಕಲ್ಲಿನಿಂದ ತಿರುಗಿ ಬಂದ ಸದ್ದು ಎಡಕ್ಕೆ, ನೀರಿನ ಮೇಲೆ. ಅದು ಎರಡನೆಯದು. ಮೊದಲನೆಯದನ್ನು ಹಿಡಿಯಬೇಕು. ಎರಡೂ ಕಿವಿಗೆ ಒಂದೇ ಸಲ ಮುಟ್ಟುವವರೆಗೆ ತಿರುಗಿದೆ. ಆಗ ಅವನು ನನ್ನ ನೇರ ಮುಂದೆ ಇದ್ದ.

ಕೆಸರಿನ ಹೆಜ್ಜೆ. ಪಚ್, ಆಮೇಲೆ ಸ್ವಲ್ಪ ಎಳೆದ ಪಚ್. ಅವಸರದಲ್ಲಿದ್ದ. ಸಾಯಲು ಹೊರಟವರು ಹೇಗೆ ನಡೆಯುತ್ತಾರೆಂದು ನನಗೆ ತಿಳಿಯದು. ಅಂಗಡಿ ಮುಚ್ಚುವ ಮೊದಲು ಏನೋ ತರಬೇಕಾದಾಗ ಅವನು ಹೇಗೆ ನಡೆಯುತ್ತಾನೆಂದು ಗೊತ್ತು. ಹೀಗೆಯೇ.

ದಾರಿ ಕಲ್ಲನ್ನು ಬಳಸಿ ತಿರುಗುತ್ತದೆ. ನಾನು "ಬಂದೆ" ಅಂದೆ. ನಮ್ಮೂರಲ್ಲಿ ತಿರುವಿನಲ್ಲಿ ಅನ್ನುವುದು ಅದೇ. ಇನ್ನೊಂದು ತಿರುವಿನಲ್ಲಿ ಮತ್ತೆ ಅಂದೆ. ಅವನ ಹೆಜ್ಜೆ ಹತ್ತಿರವಾಯಿತು. ನಾನು ಬೇಲಿಯ ಕಡೆ ಸರಿದು, ಅವನು ಹಾಯಲು ದಾರಿ ಬಿಟ್ಟೆ. ಒಂದು ಕೈಯಲ್ಲಿ ಮಣೆ, ಇನ್ನೊಂದು ಕೈಯಲ್ಲಿ ಚಪ್ಪಲಿ. ನಲವತ್ತು ಹೆಜ್ಜೆ. ಮೂವತ್ತು. ಅವನು ನನ್ನ ಬಳಿ ತಲುಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಎಣಿಸುತ್ತಿದ್ದೆ.

ಹನ್ನೆರಡಕ್ಕೆ ಎಳೆಯುವ ಬಲಗಾಲು ಜಾರಿತು. ಒಣ ನೆಲದ ಮೇಲೆ ಹಸಿ ಮಣ್ಣು ಸರ್ರನೆ ಉದ್ದಕ್ಕೆ ಹೋದ ಸದ್ದು. ಎಡಗಾಲು ಎರಡು ಸಲ ಬಲವಾಗಿ ಬಿತ್ತು, ನೆಲ ಹುಡುಕುವ ಹಾಗೆ. ಆಮೇಲೆ ಇಲ್ಲ.

ಹೋಗಿ ನೋಡಿದೆ. ಅಂಚು ಅಲ್ಲಿ ಒಂದು ಮೊಳ ಕುಸಿದಿತ್ತು. ಮೂರು ತಿಂಗಳಿಂದ ಹಾಗೇ ಇತ್ತು. ಯಾರೂ ನೋಡಿರಲಿಲ್ಲ. ಎಲ್ಲರೂ ಮೇಲಿನ ಬಂಡೆಯನ್ನು ನೋಡಿ ಹೋಗಿದ್ದರು. ಅಲ್ಲಿಂದ ಹಾರಿದ ಎಂದು ನಾನೂ ಅದನ್ನೇ ನೋಡಿದ್ದೆ.

ಮಣೆ ಹಾಕಿದೆ. 'ಕೂತ್ಕೊ' ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಹಿಂದೆ ದೂರದಲ್ಲಿ ನಿಂತಿದ್ದ ಈರಮ್ಮ, "ಹೇಳು ತಾಯಿ," ಅಂದಳು. ನಾನು ಹೇಳಿದೆ. ಆಗ ನನ್ನ ಕೈ ನಡುಗಿತು. ಮಣೆಯ ಪಕ್ಕ ನೆಲದಲ್ಲಿ ಕೂತುಬಿಟ್ಟೆ. ಎಷ್ಟು ಹೊತ್ತು ಎಂದು ತಿಳಿಯದು. ಈರಮ್ಮ ಬಂದು ಬೆನ್ನ ಮೇಲೆ ಕೈಯಿಟ್ಟು, "ಬಂದೆ," ಅಂದಳು.

ಮಣೆಯನ್ನು ಅಲ್ಲೇ ಬಿಟ್ಟು ಬರಬೇಕು. ಚಪ್ಪಲಿಯ ಬಗ್ಗೆ ನಿಯಮ ಏನೂ ಇಲ್ಲ. ನನ್ನದನ್ನು ಕೈಯಲ್ಲಿ ಹಿಡಿದು ಅವನದನ್ನು ಮೆಟ್ಟಿಕೊಂಡೆ. ಒಂದು ಬೆರಳಿನಷ್ಟು ದೊಡ್ಡದು. ಸೈಕಲ್ಲನ್ನು ಜಂಬಣ್ಣನ ಅಂಗಳದಲ್ಲಿ ಬಿಟ್ಟು, ಗಣಿಯಿಂದ ಮಂಟಪಕ್ಕೆ, ಮಂಟಪದಿಂದ ಮನೆಗೆ ನಡೆದೆ. ಅವನು ಹಿಂದಿರುಗಬೇಕಿದ್ದ ದಾರಿ. ಹೊತ್ತು ಮುಳುಗುವ ಮೊದಲು ಬಾಗಿಲಿಗೆ ಬಂದೆ. ಅತ್ತೆ ಕಟ್ಟೆಯ ಮೇಲಿದ್ದಳು. ಕೈ ಚಾಚಿ ನನ್ನ ಪಾದ ತಡವಿದಳು, ಚಪ್ಪಲಿಯ ಹಿಮ್ಮಡಿ ತಡವಿದಳು. "ಇದು ನನ್ ಮಗಂದು," ಅಂದಳು.

ಪೊಲೀಸರು ಬಿಟ್ಟ ಜಾಗದಲ್ಲಿ 'ಕಾಲು ಜಾರಿ' ಎಂದು ತುಂಬಿದರು. ಗಾದಿಲಿಂಗಪ್ಪನವರು ನಿಯಮದ ಪ್ರಕಾರ ನನ್ನ ತಪ್ಪನ್ನು ಬರೆದು, ನನ್ನ ಸಹಿ ಹಾಕಿಸಿಕೊಂಡರು. ನಾನು ಈಗಲೂ ಮೇಜಿಗೆ ಕೂರುತ್ತೇನೆ. ಅಡ್ಡ ಹಾಯುವ ಕಡೆ ಯಾವ ಸೂಜಿಯನ್ನೂ ಕೀಳುವುದಿಲ್ಲ. ಎರಡನ್ನೂ ಬಿಡುತ್ತೇನೆ, ಸಂಜೆಯವರೆಗೆ. ಆ ಭಾನುವಾರ ಬೆಳಿಗ್ಗೆ ಅವನಿಗೆ ಅಂದ ಮಾತನ್ನು ನಾನು ಅತ್ತೆಗೆ ಹೇಳಿದೆ. ಪಡಸಾಲೆಯಲ್ಲಿ ಅವನು ಯಾಕೆ ನಿಂತ ಎಂದು ಅವಳು ಇನ್ನೊಮ್ಮೆ ಕೇಳಿದ ದಿನ. ಅವಳು ಕೇಳಿ, ಎದ್ದು ಹೋಗಿ ಬಚ್ಚಲಿಗೆ ನೀರು ಹಾಕಿ ಬಂದಳು. ಮೂರನೆಯ ದಿನ, "ನಾನೂ ಅವರಪ್ಪಂಗೆ ಹಂಗೇ ಅಂತಿದ್ದೆ," ಅಂದಳು.

ಅಲ್ಲಿಂದ ತೊಂಬತ್ತನೆಯ ದಿನ ಮಾಘದ ಒಂದು ಶುಕ್ರವಾರ. ಬೇಗ ಮನೆಗೆ ಬಂದಿದ್ದೆ. ಅತ್ತೆಗೆ ದಿನ ನೆನಪಿದೆಯೋ ಇಲ್ಲವೋ ಎಂದು ಕೇಳಲಿಲ್ಲ. ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಬಿಸಿಲು ಅಂಗಳದಿಂದ ಏಳುವ ಹೊತ್ತಿಗೆ ಬೀದಿಯ ತುದಿಯಲ್ಲಿ ಟಕ್ ಅಂತು. ಟಕ್, ಮತ್ತೆ ಟಕ್. ಬೀದಿಯಲ್ಲಿ ಆಡುತ್ತಿದ್ದವರು ಸುಮ್ಮನಾದರು. ಎದುರುಮನೆಯಾಕೆ, "ಅಯ್ಯೋ, ಓಬಳೇಶನ ಹೆಜ್ಜೆ ಮುಗಿದಿತ್ತಲ್ಲ!" ಅಂದಳು.

"ಚಪ್ಲಿ ಅವಂದು," ಅಂದಳು ಅತ್ತೆ, ತಲೆ ಓರೆ ಮಾಡಿ ಕೇಳುತ್ತ. "ನಡಿಗೆ ಇವಳದು."

ಮೊಳೆಯ ಸದ್ದು ಅಂಗಳ ದಾಟಿ ಬಾಗಿಲ ಮುಂದೆ ನಿಂತಿತು. ಒಂದು ಚಪ್ಪಲಿ ಬಿಟ್ಟ ಸದ್ದು. ಇನ್ನೊಂದು. ಕಚೇರಿಯಿಂದ ಬಂದವಳು ಅಭ್ಯಾಸದ ಹಾಗೆ ಅಗುಳಿ ಹಾಕಿದ್ದೆ. ಈ ಸಲ ಎದ್ದು ಹೋಗಿ ತೆಗೆದೆ.